ಐದನೇ ಅಂಗಿಯ ಏಳು ಗುಂಡಿಗಳನ್ನು ಉಳಿಸಿಕೊಡುವ ಬಗ್ಗೆ

(ಸೂಚನೆ: ಈ ಅರ್ಜಿಯನ್ನು ಭಾನುವಾರ ಬೆಳಿಗ್ಗೆ, ಕುಳಿತುಕೊಂಡು, ಎರಡೂ ಕೈಗಳಲ್ಲಿ ಹಿಡಿದು, ಒಂದು ಸಾಲನ್ನೂ ಹಾರಿಸದೆ, ಗಟ್ಟಿಯಾಗಿ ಓದತಕ್ಕದ್ದು. ಕಾರಣವನ್ನು ಕೊನೆಯಲ್ಲಿ ತಿಳಿಸಲಾಗಿದೆ.)

ಇಂದ:
ಮಾವ, ನಿವೃತ್ತ ದರ್ಜಿ, ವಯಸ್ಸು ಎಪ್ಪತ್ತೊಂದು,
ನಡುಮನೆ, ಕಿಟಕಿ ಪಕ್ಕದ ಮಂಚ.

ಗೆ:
ಸೊಸೆಯವರು, ಮಾಂಟೆಸ್ಸರಿ ಪದ್ಧತಿಯ ಗೃಹಶಿಕ್ಷಣ ವಿಭಾಗದ ಮುಖ್ಯಸ್ಥರು,
ಅದೇ ಮನೆ.

ಮೂಲಕ:
ಮಗ, ಹಾಲಿನ ಟ್ಯಾಂಕರ್ ಚಾಲಕರು (ಯಾವ ಕಾಗದವನ್ನೂ ಕೊನೆಯವರೆಗೆ ಓದುವ ಅಭ್ಯಾಸ ಇಲ್ಲದವರು).

ವಿಷಯ: ಅರ್ಜಿದಾರನ ಬಿಳಿ ಅಂಗಿಯ ಗುಂಡಿಗಳನ್ನು ಕತ್ತರಿಸಿ ಅಂಟುಪಟ್ಟಿ ಹಚ್ಚುವ ಕೆಲಸವನ್ನು ಕೈಬಿಡುವಂತೆ ಹಾಗೂ ಸದರಿಯವನನ್ನು ಬಟ್ಟೆ ಹಾಕಿಕೊಳ್ಳುವ ತರಗತಿಗೆ ಎರಡನೇ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳುವಂತೆ ಕೋರಿ.

ಉಲ್ಲೇಖ:
೧. ಅಡುಗೆಮನೆಯ ಬಾಗಿಲಿಗೆ ತಾವು ಅಂಟಿಸಿರುವ ಐದು ನಿಯಮಗಳ ಹಾಳೆ.
೨. "ಮಾವ, ನೀವು ಕೈ ಹಾಕ್ಬೇಡಿ" ಎಂಬ ತಮ್ಮ ಮೌಖಿಕ ಆದೇಶ (ದಿನವಹಿ).
೩. "ಈ ಭಾನುವಾರ ಆಗಲ್ಲ, ಮುಂದಿನ ಭಾನುವಾರ ಆ ಬಿಳಿ ಅಂಗೀದೂ ಮುಗಿಸಿಬಿಡ್ತೀನಿ" ಎಂಬ ತಮ್ಮ ಮೌಖಿಕ ಆದೇಶ (ಹತ್ತು ದಿನಗಳ ಹಿಂದೆ, ಪಾತ್ರೆ ಒರೆಸುತ್ತಾ ಹೊರಡಿಸಿದ್ದು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನು ಬಸ್ಸು ನಿಲ್ಲುವ ಜಾಗದ ಎದುರು, ಒಂದೇ ಬಾಗಿಲಿನ ಅಂಗಡಿಯಲ್ಲಿ ನಲವತ್ತನಾಲ್ಕು ವರ್ಷ ಹೊಲಿಗೆ ಮಾಡಿದವನು. ಸುತ್ತಿನ ಹೊಲಗಳಲ್ಲಿ ದುಡಿಯುವವರ ಮೈ ಅವನಿಗೆ ಟೇಪು ಹಿಡಿಯದೆಯೂ ಗೊತ್ತಿತ್ತು. ಮೂಟೆ ಹೊರುವವನ ಬಲಹೆಗಲು ಎಡಕ್ಕಿಂತ ಅರ್ಧ ಅಂಗುಲ ತಗ್ಗು. ಹಾಲು ಕರೆಯುವವಳಿಗೆ ತೋಳು ಮೊಣಕೈಯ ಮೇಲೆ ಸಡಿಲವಿರಬೇಕು. ಬಗ್ಗಿ ಕಳೆ ಕೀಳುವವರಿಗೆ ಬೆನ್ನಿನ ಕಡೆ ಎರಡು ಬೆರಳು ಉದ್ದ ಬಿಡಬೇಕು. ಇಂಥವನ್ನೆಲ್ಲ ಅವನು ಅಳತೆಪುಸ್ತಕದಲ್ಲಿ ಬರೆದುಕೊಂಡಿದ್ದ. ಅದೇ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಈ ಅರ್ಜಿಯನ್ನೂ ಬರೆಯಲಾಗಿದೆ.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವನ ಬಲಗೈಗೆ ಸಣ್ಣದಾಗಿ ಲಕ್ವ ಹೊಡೆಯಿತು. ಕತ್ತರಿ ಕೈಯಿಂದ ಜಾರಿ ಬಿದ್ದ ಸದ್ದು ಕೇಳಿಸಿತೇ ಹೊರತು ಜಾರಿದ್ದು ಕೈಗೆ ತಿಳಿಯಲಿಲ್ಲ. ಡಾಕ್ಟರು ನೋಡಿ, "ಬೆರಳುಗಳಿಗೆ ಕೆಲಸ ಕೊಡ್ತಾ ಇರಿ ಯಜಮಾನ್ರೇ, ಸುಮ್ನೆ ಕೂತ್ರೆ ಅವೂ ಸುಮ್ನೆ ಕೂತ್ಬಿಡ್ತವೆ" ಎಂದರು. ಸದರಿ ಸಲಹೆಯನ್ನು ಮನೆಯವರು ಮನೆಗೆ ಬರುವಷ್ಟರಲ್ಲಿ ಪರಿಷ್ಕರಿಸಿ 'ಪೂರ್ಣ ವಿಶ್ರಾಂತಿ' ಎಂದು ಜಾರಿಗೆ ತಂದರು. ಅದಕ್ಕಿಂತ ಒಂದು ವಾರ ಮುಂಚೆ ಅವನು ತನಗಾಗಿ ಒಂದು ಬಿಳಿ ಅಂಗಿ ಹೊಲಿದು ಮುಗಿಸಿದ್ದ. ಏಳು ಗುಂಡಿ, ಅವು ತೂರುವ ಏಳು ಕಾಜಾ. ಕಾಜಾಗಳನ್ನೂ ಕೈಯಲ್ಲೇ ಹಾಕಿದ್ದ. ಅದೇ ಅವನು ಹೊಲಿದ ಕೊನೆಯ ಅಂಗಿ. ಪ್ರಸ್ತುತ ಅರ್ಜಿಯು ಸದರಿ ಅಂಗಿಯ ಕುರಿತಾದದ್ದು.

೨. ನಾಲ್ಕು ತಿಂಗಳ ಹಿಂದೆ ತಾವು ಬೀಜದ ಗೋದಾಮಿನ ಕೆಲಸ ಮುಗಿಸಿ ಬರುವಾಗ ಒಂದು ಪುಸ್ತಕ ತಂದಿರಿ. ಪುಟ್ಟ ಮಕ್ಕಳು ತಮ್ಮ ಬಟ್ಟೆಯನ್ನು ತಾವೇ ಹಾಕಿಕೊಳ್ಳುವುದನ್ನು ಮನೆಯಲ್ಲೇ ಕಲಿಸುವ ಮಾಂಟೆಸ್ಸರಿ ಕ್ರಮ ಅದರಲ್ಲಿತ್ತು. ಅಂದಿನಿಂದ ಎರಡೂಮುಕ್ಕಾಲು ವರ್ಷದ ಮೊಮ್ಮಗ ಚಿನ್ನುವಿನ ಸಲುವಾಗಿ ಮನೆಯ ಎತ್ತರವೇ ಬದಲಾಯಿತು. ಅಂಗಿ ನೇತುಹಾಕುವ ಮೊಳೆಗಳು ಮೊಣಕಾಲ ಮಟ್ಟಕ್ಕೆ ಇಳಿದವು. ಗೋಡೆಗನ್ನಡಿ ನೆಲಕ್ಕೆ ಬಂದು ಕೂತಿತು. ಮಗನು ಗಡ್ಡ ಕೆರೆದುಕೊಳ್ಳಲು ಚಾಪೆ ಹಾಸಿ ಮಲಗಬೇಕಾಯಿತು. ಚಿನ್ನುವಿಗೆಂದು ಗಿಡ್ಡ ಮಣೆ ಬಂತು. ದಿನಾ ಬೆಳಿಗ್ಗೆ ಎರಡು ಅಂಗಿ ಎತ್ತಿ ಹಿಡಿದು "ಕೆಂಪಾ? ಹಸಿರಾ?" ಎಂದು ಕೇಳುವ ಪದ್ಧತಿ ಶುರುವಾಯಿತು. ಚಿನ್ನು ದಿನಾ "ಬೇಡ" ಎನ್ನುವ ಪದ್ಧತಿ ಇಟ್ಟುಕೊಂಡ.

ಅಡುಗೆಮನೆಯ ಬಾಗಿಲಿಗೆ ತಾವು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ನಿಯಮಗಳು ಹೀಗಿವೆ: ಕಲಿಯುವವನು ಮಾಡುತ್ತಿರುವಾಗ ಕೈ ಹಾಕಬಾರದು. ಅವನಾಗಿ ಕೇಳುವ ತನಕ ಸಹಾಯ ಮಾಡಬಾರದು. ಅವಸರ ಮಾಡಬಾರದು. "ಇಷ್ಟೂ ಬರಲ್ವಾ" ಎನ್ನಬಾರದು. ಕೆಲಸ ಆಗದಿದ್ದರೂ ಪ್ರಯತ್ನವನ್ನು ಹೊಗಳಬೇಕು.

ಹಾಳೆಯಲ್ಲಿ 'ಕಲಿಯುವವನು' ಎಂದಿದೆಯೇ ವಿನಾ ಅವನ ವಯಸ್ಸು ನಮೂದಾಗಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

೩. ಮೊದಲ ತಿಂಗಳ ಒಂದು ಬೆಳಗಿನ ವರದಿಯನ್ನು ತಮ್ಮ ಅವಗಾಹನೆಗೆ ಸಲ್ಲಿಸಲಾಗಿದೆ. ಏಳು ಗಂಟೆ ಐದು ನಿಮಿಷಕ್ಕೆ ಚಿನ್ನು ಅವರು ಮಣೆಯ ಮೇಲೆ ಆಸೀನರಾದರು. ಏಳು ಹನ್ನೆರಡಕ್ಕೆ ಚಡ್ಡಿಯ ಒಂದೇ ಕಾಲಿನೊಳಕ್ಕೆ ತಮ್ಮ ಎರಡೂ ಕಾಲುಗಳನ್ನು ತೂರಿಸಿದರು. ಏಳು ಇಪ್ಪತ್ತಕ್ಕೆ ಎದ್ದು ನಿಂತರು, ಬಿದ್ದರು. ಬಿದ್ದ ಜಾಗದಲ್ಲಿ ಇರುವೆಯ ಸಾಲೊಂದು ಕಂಡಿದ್ದರಿಂದ ಅದನ್ನು ಹನ್ನೊಂದು ನಿಮಿಷ ಪರಿಶೀಲಿಸಿದರು. ಏಳು ಮೂವತ್ತಮೂರಕ್ಕೆ ಚಡ್ಡಿಯನ್ನು ತಲೆಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು.

ಅಷ್ಟೂ ಹೊತ್ತು ತಾವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದಿರಿ. ಕೊನೆಗೆ "ಎಷ್ಟು ಪ್ರಯತ್ನ ಮಾಡ್ದೆ ಚಿನ್ನು!" ಎಂದು ಕಣ್ಣು ತುಂಬಿಕೊಂಡಿರಿ. ಮಗನು ಟ್ಯಾಂಕರಿನ ಕೀಲಿಯನ್ನು ಬೆರಳಲ್ಲಿ ಗಿರಗಿರನೆ ತಿರುಗಿಸುತ್ತಾ ಬಾಗಿಲಲ್ಲಿ ನಿಂತಿದ್ದ. ಅವನ ಬಾಯಿಗೆ ಬಂದ ಮಾತು ಗಂಟಲಿಗೆ ವಾಪಸಾದದ್ದು ಮಂಚದ ಮೇಲಿಂದ ಸ್ಪಷ್ಟವಾಗಿ ಕಂಡಿತು.

ಅದೇ ಬೆಳಿಗ್ಗೆ, ಏಳು ಮೂವತ್ತನಾಲ್ಕಕ್ಕೆ, ಅರ್ಜಿದಾರನ ಸರದಿ ಬಂತು.

"ಅಪ್ಪ, ಕೈ ಎತ್ತಿ. ಹಾಂ. ಇನ್ನೊಂದು. ಗದ್ದ ಮೇಲೆ. ಆಯ್ತು."

ನಲವತ್ತು ಸೆಕೆಂಡು. ಗೋಣಿಚೀಲದ ಬಾಯಿ ಹೊಲಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ದಿನ ಅರ್ಜಿದಾರನು ಮುಂಚಿತವಾಗಿಯೇ ಎದ್ದು, ಮಗ ಬರುವಷ್ಟರಲ್ಲಿ ಒಂದು ಗುಂಡಿ ಹಾಕಿಕೊಂಡಿದ್ದ. ಅದು ಮೂರನೇ ಗುಂಡಿ, ಎರಡನೇ ಕಾಜಾದಲ್ಲಿತ್ತು. ಮಗ ಅದನ್ನು ಬಿಚ್ಚಿ, "ಬಿಡಿ ಅಪ್ಪ, ನಿಮ್ ಕೈಲಿ ಆಗಲ್ಲ, ನಂಗೆ ಲೇಟಾಗ್ತಿದೆ" ಎಂದ. ಪ್ರಯತ್ನವನ್ನು ಯಾರೂ ಹೊಗಳಲಿಲ್ಲ.

ಇಲ್ಲಿ ಒಂದು ಸತ್ಯವನ್ನು ಮರೆಮಾಚಿದರೆ ಅರ್ಜಿಯು ತಿರಸ್ಕಾರಕ್ಕೆ ಅರ್ಹವಾಗುತ್ತದೆ. "ಕೈ ಎತ್ತು, ಹಾಂ, ಇನ್ನೊಂದು" ಎಂಬ ಮಾತು ಮೂಲತಃ ಅರ್ಜಿದಾರನದೇ. ಅಂಗಡಿ ತೆರೆಯುವ ಅವಸರದಲ್ಲಿ ಅವನು ಇದೇ ಮಗನಿಗೆ ಏಳು ವರ್ಷದವರೆಗೂ ಹೀಗೆಯೇ ಅಂಗಿ ತೊಡಿಸಿದ್ದಾನೆ. ದರ್ಜಿಯ ಮಗನಿಗೆ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ ಎಂದು ಶಾಲೆಯಲ್ಲಿ ನಗುತ್ತಿದ್ದರಂತೆ. ಆದಕಾರಣ, ಮಗನ ಮೇಲೆ ಯಾವುದೇ ದೂರು ಇಲ್ಲ. ಅವನು ಕಲಿಸಿದ್ದನ್ನು ಚೆನ್ನಾಗಿಯೇ ಕಲಿತಿದ್ದಾನೆ.

೪. ಅರ್ಜಿದಾರನಿಂದ ಆಗಿರುವ ಒಂದು ತಪ್ಪಿನ ಕುರಿತು. ತಾವು ಪೇಟೆಯಿಂದ ತರಿಸಿದ ಗುಂಡಿ ಕಲಿಸುವ ಚೌಕಟ್ಟು, ಅಂದರೆ ಮರದ ಪಟ್ಟಿಗೆ ಎರಡು ಬಟ್ಟೆ ಬಿಗಿದು ನಡುವೆ ಗುಂಡಿ-ಕಾಜಾ ಹಾಕಿದ ಸಾಧನ, ಬಂದ ದಿನವೇ ಗುಂಡಿ ಉದುರಿಸಿತು. ಒಂದನ್ನು ಚಿನ್ನು ಬಾಯಿಗೆ ಹಾಕಿಕೊಂಡ. ತಾವು ಅವನ ಬಾಯಿಗೆ ಬೆರಳು ಹಾಕಿ ತೆಗೆದಿರಿ (ಕೈ ಹಾಕಬಾರದು ಎಂಬ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಿ).

ಆಗ ಅರ್ಜಿದಾರನು, "ನಾನೊಂದು ಮಾಡಿಕೊಡ್ತೀನಿ ಕಣಮ್ಮ" ಎಂದ. ತಾವು ನಕ್ಕು "ಮಾಡಿ ಮಾವ, ಹೊತ್ತಾದ್ರೂ ಹೋಗುತ್ತೆ" ಎಂದಿರಿ. ಹಳೆಯ ಫೋಟೊ ಚೌಕಟ್ಟು, ದಪ್ಪ ಕೆಂಪು ಬಟ್ಟೆ, ಎದ್ದು ಕಾಣುವ ಐದು ಗುಂಡಿ. ಬಲಗೈಯನ್ನು ಬಟ್ಟೆಯ ಮೇಲೆ ಕಲ್ಲಿನ ಹಾಗೆ ಭಾರಕ್ಕೆ ಇಟ್ಟು, ಎಡಗೈಯಲ್ಲಿ ಸೂಜಿ ಹಿಡಿದು, ಹನ್ನೆರಡು ದಿನ ಹೊಲಿದ. ಹೊತ್ತು ಹೋಗಲಿ ಎಂದು ಮಾಡಿದ್ದಲ್ಲ.

ಚಿನ್ನು ಅದರ ಮೇಲೆ ಮೂರು ವಾರದಲ್ಲಿ ಪಳಗಿದ. ಮೊದಲು ಬಿಚ್ಚುವುದು, ಆಮೇಲೆ ಹಾಕುವುದು, ಕಾಜಾದೊಳಗೆ ಗುಂಡಿಯ ಅಂಚು ಇಣುಕಿದಾಗ "ಬಂತೂ!" ಎಂದು ಕಿರುಚುವುದು. ಆದರೆ ನಿಜವಾದ ಅಂಗಿ ತೊಡಿಸಿದ ದಿನ ಅವನ ಕೈ ಎಡಗಡೆ ಗುಂಡಿ ಹುಡುಕಿತು, ಸಿಕ್ಕಿದ್ದು ಕಾಜಾ. ಬಲಗಡೆ ಕಾಜಾ ಹುಡುಕಿತು, ಸಿಕ್ಕಿದ್ದು ಗುಂಡಿ. ಮಗು ಅತ್ತು, ಅಂಗಿಯನ್ನು ನೀರಿನ ಬಕೆಟ್ಟಿಗೆ ಹಾಕಿತು. ತಾವು ಅಂಗಿಯನ್ನೂ ಚೌಕಟ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದಿರಿ.

"ಮಾವ, ಇದು ಉಲ್ಟಾ ಆಗಿದೆಯಲ್ಲ!"

ಆಗಿತ್ತು. ಅಂದು ತಾವೂ ಮಗನೂ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಆಡಿದ ಮಾತುಗಳು ಕಿಟಕಿ ಪಕ್ಕದ ಮಂಚಕ್ಕೆ ಬಂದು ತಲುಪಿದವು. "ಅವ್ರಿಗೆ ಎಡ ಬಲಾನೇ ತಿಳೀತಿಲ್ಲ ಕಣ್ರೀ. ಪಾಪ, ತಲೆಗೂ ಏನೋ ಆಗಿರ್ಬೇಕು." "ವಯಸ್ಸಾಯ್ತಲ್ಲ ಬಿಡು. ಇನ್ಮೇಲೆ ಗುಂಡಿ ಗಿಂಡಿ ಅಂತ ಅವ್ರ ಕೈಗೆ ಏನೂ ಕೊಡ್ಬೇಡ."

ಈ ಬಗ್ಗೆ ಅರ್ಜಿದಾರನ ಸಮಜಾಯಿಷಿ: ಗಂಡಸರ ಅಂಗಿಯಲ್ಲಿ ಗುಂಡಿ ತೊಟ್ಟವನ ಬಲಕ್ಕೆ, ಕಾಜಾ ಎಡಕ್ಕೆ. ಆದರೆ ದರ್ಜಿಯು ಗಿರಾಕಿಯ ಎದುರು ನಿಲ್ಲುವವನು. ಎದುರು ನಿಂತವನಿಗೆ ಗುಂಡಿ ಎಡಕ್ಕೆ ಕಾಣುತ್ತದೆ. ನಲವತ್ತನಾಲ್ಕು ವರ್ಷ ಕಂಡ ಹಾಗೆಯೇ ಅವನು ಚೌಕಟ್ಟಿನ ಮೇಲೂ ಹಾಕಿದ. ತಲೆ ಕೆಟ್ಟಿರಲಿಲ್ಲ. ಸಾವಿರಾರು ಅಂಗಿಗಳನ್ನು ಎದುರಿನಿಂದ ನೋಡಿದವನು ಒಂದನ್ನೂ ತೊಟ್ಟವನ ಕಡೆಯಿಂದ ನೋಡಿರಲಿಲ್ಲ, ಅಷ್ಟೆ. ಈ ಕಾಯಿಲೆ ಮನೆಯಲ್ಲಿ ಅವನೊಬ್ಬನಿಗೇ ಇಲ್ಲ ಎಂದು ವಿನಯಪೂರ್ವಕವಾಗಿ ತಿಳಿಯಪಡಿಸಲಾಗಿದೆ.

೫. ಸದರಿ ತಪ್ಪಿನ ಪರಿಣಾಮವಾಗಿ, ಅದರ ಮರುದಿನ, ತಾವು ಅತ್ಯಂತ ಪ್ರೀತಿಯಿಂದ ಅರ್ಜಿದಾರನ ನಾಲ್ಕು ಅಂಗಿಗಳ ಗುಂಡಿಗಳನ್ನು ಕತ್ತರಿಸಿ ತೆಗೆದು, ಮಕ್ಕಳ ಶೂಗಳಿಗೆ ಇರುವಂಥ, ಎಳೆದರೆ ಚರ್ರೆನ್ನುವ ಅಂಟುಪಟ್ಟಿಯನ್ನು ಹಚ್ಚಿದಿರಿ. ನಾಲ್ಕು ಅಂಗಿಗೇ ಪಟ್ಟಿ ಮುಗಿಯಿತು. ಪೆಟ್ಟಿಗೆಯ ತಳದಲ್ಲಿದ್ದ ಐದನೆಯದು, ಅಂದರೆ ಬಿಳಿಯದು, ಹಾಗೇ ಉಳಿಯಿತು. ಹೀಗೆ, ಮೂರು ವರ್ಷ ತುಂಬದವನು ಗುಂಡಿಗೆ ಬಡ್ತಿ ಪಡೆದ ಮನೆಯಲ್ಲಿ ಎಪ್ಪತ್ತೊಂದು ವರ್ಷದವನು ಅಂಟುಪಟ್ಟಿಗೆ ಹಿಂಬಡ್ತಿ ಪಡೆದ.

ಅಂಟುಪಟ್ಟಿಯ ಕಾರ್ಯವೈಖರಿಯ ಬಗ್ಗೆ: ಹಾಲು ಹಾಕುವ ಕಟ್ಟೆಯ ಬಳಿ ಎದುರುಮನೆಯ ಎಮ್ಮೆ ಸಾಕುವವರು, ಊರೆಲ್ಲ ಹಾಲಿನಮ್ಮ ಎನ್ನುವವರು, ಕ್ಯಾನು ಕೆಳಗಿಡುವಾಗ ಮುಚ್ಚಳ ಉರುಳಿತು. ಎತ್ತಿಕೊಡೋಣ ಎಂದು ಅರ್ಜಿದಾರನು ಬಗ್ಗಿದ. ಚರ್‌ರ್‌ರ್. ಸಾಲಿನಲ್ಲಿದ್ದ ಹದಿನಾಲ್ಕು ಜನ ತಿರುಗಿದರು. ಅವರಲ್ಲಿ ಒಂಬತ್ತು ಮಂದಿ ಅರ್ಜಿದಾರನು ಹೊಲಿದ ಅಂಗಿಗಳಲ್ಲೇ ಇದ್ದರು, ಗುಂಡಿಗಳು ಗಟ್ಟಿಯಾಗಿದ್ದವು.

"ಏನಣ್ಣಾ, ನಿಮ್ ಅಂಗಿ ಮಾತಾಡೋಕೆ ಶುರು ಮಾಡ್ತಲ್ಲ!" ಎಂದರು ಹಾಲಿನಮ್ಮ. ಆಮೇಲೆ ಹತ್ತಿರ ಬಂದು ಪಟ್ಟಿಯನ್ನು ಬೆರಳಿಂದ ಮುಟ್ಟಿ ನೋಡಿ ನಗು ನಿಲ್ಲಿಸಿದರು. "ನಿಮ್ಗೆ ಇದನ್ನ ಹಾಕಿದ್ದು ಯಾರು? ಎದ್ದು ನಿಲ್ಲೋ ಕರೂನ ನಾವು ಎತ್ತಿ ನಿಲ್ಲಿಸ್ತೀವಾ? ಬಿದ್ರೆ ಬೀಳ್ಲಿ ಅಂತ ಪಕ್ಕದಲ್ಲಿ ನಿಂತಿರ್ತೀವಿ."

ಅವರ ಬಳಿ ಪುಸ್ತಕ ಇಲ್ಲ.

೬. ಈಗ ಅರ್ಜಿದಾರನು ಒಂದು ತಪ್ಪೊಪ್ಪಿಗೆಯನ್ನು ಸಲ್ಲಿಸಬೇಕಾಗಿದೆ. ಮಗ ಏಳೂ ಮುಕ್ಕಾಲಿಗೂ ತಾವು ಒಂಬತ್ತೂ ಕಾಲಿಗೂ ಹೊರಟ ಮೇಲೆ, ತಾವು ಮಧ್ಯಾಹ್ನ ಬರುವ ತನಕ, ಚಿನ್ನುವನ್ನು ನೋಡಿಕೊಳ್ಳುವ ಜವಾಬ್ದಾರಿ 'ಕೈ ಹಾಕದೆ' ಎಂಬ ಷರತ್ತಿನೊಂದಿಗೆ ಅರ್ಜಿದಾರನ ಮೇಲಿದೆ. ಆ ವೇಳೆಯಲ್ಲಿ ಮನೆಯಲ್ಲಿ ಒಂದು ಅನಧಿಕೃತ ತರಗತಿ ನಡೆದಿರುತ್ತದೆ.

ಒಂದು ದಿನ ಚಿನ್ನು ಮಂಚದಡಿ ಎಸೆದಿದ್ದ ಕೆಂಪು ಚೌಕಟ್ಟನ್ನು ಎಳೆದು ತಂದ. ಅರ್ಜಿದಾರನು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ. ಚಿನ್ನು ಅವನೆದುರು ಕೂತು, ಚೌಕಟ್ಟನ್ನು ಇಬ್ಬರ ನಡುವೆ ಇಟ್ಟು, ಐದೂ ಗುಂಡಿ ಬಿಚ್ಚಿದ. ಬಿಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡ.

"ತಾತ, ಈಗ ನೀನು."

"ನಂಗೆ ಬರಲ್ಲ ಮಗಾ."

"ಬರುತ್ತೆ. ಅವಸ್ರ ಇಲ್ಲ."

ಅರ್ಜಿದಾರನು ಬಗ್ಗಿ ನೋಡಿದ. ಅವನು ಕೂತ ಕಡೆಯಿಂದ ಗುಂಡಿಗಳು ಬಲಕ್ಕೂ ಕಾಜಾಗಳು ಎಡಕ್ಕೂ ಇದ್ದವು. ಮೈಮೇಲಿನ ಅಂಗಿಯಲ್ಲಿ ಹೇಗೋ ಹಾಗೇ. ಸುತ್ತ ತಿರುಗಿಸಿ ಇಟ್ಟಿದ್ದರೆ ಆಗುತ್ತಿತ್ತು! ಇಡೀ ಮನೆ ಸೇರಿ ದರ್ಜಿಯ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದ್ದ ವಸ್ತುವಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಎಲ್ಲರೂ ತಪ್ಪು ಕಡೆ ಕೂತಿದ್ದರು. ಇದು ತಮಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ, ನಲವತ್ತನಾಲ್ಕು ವರ್ಷದ ಅನುಭವಕ್ಕಂತೂ ಹೊಳೆಯಲೇ ಇಲ್ಲ.

ಮೊದಲ ದಿನ ಒಂದು ಗುಂಡಿಗೆ ಒಂಬತ್ತು ನಿಮಿಷ ಹಿಡಿಯಿತು. ಹೆಬ್ಬೆರಳು ಹೇಳಿದ ಮಾತು ಕೇಳಿದರೆ ತೋರುಬೆರಳು ಕೇಳುತ್ತಿರಲಿಲ್ಲ. ಗುಂಡಿ ಕಾಜಾದ ಬಾಯಿಗೆ ಬಂದು ಜಾರಿ, ಮತ್ತೆ ಬಂದು ಜಾರಿ, ಅರ್ಜಿದಾರನ ಹಣೆಯಲ್ಲಿ ಬೆವರು ಮೂಡಿತು. ಅಷ್ಟೂ ಹೊತ್ತು ಚಿನ್ನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತಮ್ಮ ಹಾಗೇ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಕೈ ಹಿಂದೆ ಇಟ್ಟುಕೊಳ್ಳುವುದು ಆ ವಯಸ್ಸಿಗೆ ಎಷ್ಟು ಕಷ್ಟವೆಂದರೆ ಅವನ ಹೆಗಲು ನಡುಗುತ್ತಿತ್ತು. ಕೊನೆಗೆ ಗುಂಡಿ ಒಳಹೊಕ್ಕಾಗ "ಎಷ್ಟು ಪ್ರಯತ್ನ ಮಾಡ್ದೆ ತಾತ!" ಎಂದ. ಎಂಟು ತಿಂಗಳಲ್ಲಿ ಅರ್ಜಿದಾರನಿಗೆ ಯಾರಿಂದಲಾದರೂ ಬಂದ ಮೊದಲ ಪ್ರಶಂಸಾಪತ್ರ ಅದು.

ಮರುದಿನದಿಂದ ಚಿನ್ನು ತಾತನ ಮಗ್ಗುಲಿಗೇ ಬಂದು ಕೂತ. ಇಬ್ಬರೂ ಒಂದೇ ಕಡೆ. ಆರು ದಿನದಲ್ಲಿ ಅವನು ತನ್ನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡ. ಅಂದು ತಾವು ತಮ್ಮ ತಾಯಿಯವರಿಗೆ ಫೋನು ಮಾಡಿ, "ಪುಸ್ತಕದಲ್ಲಿ ಹೇಳಿದ ಹಾಗೇ ಅಮ್ಮ, ಒಂದಿನ ತಾನಾಗೇ ಬಂದ್ಬಿಡ್ತು!" ಎಂದಿರಿ. ತಾನಾಗೇ ಬಂದದ್ದು ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿತ್ತು.

೭. ಮೂರನೇ ವಾರಕ್ಕೆ ಅರ್ಜಿದಾರನು ಬಿಳಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದ. ಮೈಮೇಲಿನ ಗುಂಡಿ ಚೌಕಟ್ಟಿನ ಗುಂಡಿಯಂತಲ್ಲ. ಗದ್ದದ ಕೆಳಗಿನದು ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆಯ ಮೇಲಿನದು ಉಸಿರಾಡಿದಾಗೆಲ್ಲ ಓಡಾಡುತ್ತದೆ. ಹನ್ನೊಂದು ದಿನಗಳ ಹಿಂದೆ, ಮೂವತ್ತೊಂದು ನಿಮಿಷಗಳಲ್ಲಿ, ಏಳರಲ್ಲಿ ಐದು ಗುಂಡಿ ಸರಿಯಾದ ಕಾಜಾಗಳಲ್ಲಿ ಬಿದ್ದವು. ಆರನೆಯದು ಬಾಯಿಗೆ ಬಂದಿತ್ತು. ಚಿನ್ನು ಕೈ ಹಿಂದೆ ಕಟ್ಟಿ ನಿಂತಿದ್ದ.

ಅಷ್ಟರಲ್ಲಿ ಟ್ಯಾಂಕರಿನ ಕಾಗದ ಮರೆತಿದ್ದ ಮಗನು ಹಿಂತಿರುಗಿ ಬಂದ.

"ಅಯ್ಯೋ ಅಪ್ಪ, ಯಾಕೆ ಒದ್ದಾಡ್ತೀರಿ? ನಾನಿಲ್ವಾ?" ಎಂದು ಎರಡು ಗುಂಡಿಯನ್ನೂ ನಾಲ್ಕು ಸೆಕೆಂಡಿನಲ್ಲಿ ಹಾಕಿ, ಕಾಲರು ಸರಿಮಾಡಿ, ಭುಜ ತಟ್ಟಿದ. ಅವನ ಮುಖದಲ್ಲಿ ಪ್ರೀತಿಯೇ ಇತ್ತು. ಅದೇ ತೊಂದರೆ.

"ಕೈ ಹಾಕ್ಬಾರ್ದು!" ಎಂದು ಚಿನ್ನು ಕಿರುಚಿದ. ಅಪ್ಪನ ಕೈಗೆ ಹೊಡೆದ. ಆಮೇಲೆ, ದಾಖಲೆಗಾಗಿ ತಿಳಿಸುವುದಾದರೆ, ಮುಂಗೈ ಕಚ್ಚಿದ.

"ದೊಡ್ಡೋರ ಮೇಲೆ ಕೈ ಎತ್ತುತ್ತೀಯಾ?" ಎಂದು ಮಗ ಅವನನ್ನು ಮೂಲೆಯಲ್ಲಿ ನಿಲ್ಲಿಸಿದ. ಬಾಗಿಲಿಗೆ ಅಂಟಿಸಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಮನೆಯಲ್ಲಿ ಶಿಕ್ಷೆ ಅನುಭವಿಸಿದ ಏಕೈಕ ವ್ಯಕ್ತಿ ಚಿನ್ನು. ಅವನು ಅಲ್ಲಿಂದಲೇ ತಾತನ ಕಡೆ ನೋಡಿದ. ಅರ್ಜಿದಾರನು ಆಗ ಬಾಯಿ ಬಿಡಲಿಲ್ಲ. ಇದನ್ನು ಸಮರ್ಥಿಸಿಕೊಳ್ಳಲು ಅವನ ಬಳಿ ಯಾವ ಕಾರಣವೂ ಇಲ್ಲ, ನಾಚಿಕೆಯಾಗಿತ್ತು, ಅಷ್ಟೆ.

ಮರುದಿನ ತಾವು ಪಾತ್ರೆ ಒರೆಸುತ್ತಾ, "ಆ ಬಿಳಿ ಅಂಗಿ ಒಂದು ಉಳಿದಿರೋದಕ್ಕೇ ಇಷ್ಟೆಲ್ಲಾ ಗಲಾಟೆ" ಎಂದು ಉಲ್ಲೇಖ ಮೂರರ ಆದೇಶ ಹೊರಡಿಸಿದಿರಿ. ಅಂಟುಪಟ್ಟಿಯ ಹೊಸ ಸುರುಳಿ ಈಗಾಗಲೇ ಬಂದು ಹೊಲಿಗೆ ಮಿಷನ್ನಿನ ಮೇಲೆ ಕೂತಿದೆ. ಅದು ಅರ್ಜಿದಾರನದೇ ಮಿಷನ್ನು.

ಆದ್ದರಿಂದ, ಮೇಲೆ ನಿವೇದಿಸಿದ ಕಾರಣಗಳಿಂದ, ಹಾಗೂ ಸದರಿ ಕಾರಣಗಳಿಗೆ ಕಾರಣವಾದ ಕಾರಣಗಳಿಂದ, ಅರ್ಜಿದಾರನು ಈ ಕೆಳಕಂಡಂತೆ ಕೋರುತ್ತಾನೆ:

ಅ) ಬಿಳಿ ಅಂಗಿಯ ಏಳೂ ಗುಂಡಿಗಳನ್ನು ಇದ್ದ ಜಾಗದಲ್ಲೇ ಇರಗೊಡುವುದು.

ಆ) ಅರುವತ್ತೆಂಟು ವರ್ಷಗಳ ವಯೋಮಿತಿ ಸಡಿಲಿಕೆ ನೀಡಿ ಅವನನ್ನು ತರಗತಿಗೆ ಸೇರಿಸಿಕೊಳ್ಳುವುದು. ಬಲಗೈ ಭುಜಕ್ಕಿಂತ ಮೇಲೆ ಏಳದ ಕಾರಣ ಒಂದು ಮೊಳೆಯನ್ನು ಅವನ ಎದೆಮಟ್ಟಕ್ಕೆ ಹೊಡೆಸುವುದು. ಮಗನಿಗೆ ತಡವಾಗದಂತೆ ಅವನು ಆರು ಗಂಟೆಗೇ ಎದ್ದು ಶುರುಮಾಡಲು ಬದ್ಧನಾಗಿದ್ದಾನೆ.

ಇ) ಚಿನ್ನು ಮೊನ್ನೆ ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡಾಗ, "ಅವನೇ ಹಾಕ್ಕೊಂಡಿದ್ದು, ಹಾಗೇ ಇರ್ಲಿ" ಎಂದು ತಾವು ಅವನನ್ನು ಬೀದಿಯಲ್ಲೆಲ್ಲ ಕರೆದುಕೊಂಡು ಹೋಗಿದ್ದೀರಿ. ಮೂರನೇ ಗುಂಡಿ ಎರಡನೇ ಕಾಜಾದಲ್ಲಿರುವ ಸ್ಥಿತಿಯಲ್ಲಿ ಹಾಲಿನ ಕಟ್ಟೆಯವರೆಗೆ ಹೋಗಿಬರುವ ಹಕ್ಕನ್ನು ಅರ್ಜಿದಾರನಿಗೂ ವಿಸ್ತರಿಸುವುದು.

ಈ) ಚಿನ್ನುವಿನ ಮೇಲಿನ ಶಿಸ್ತುಕ್ರಮವನ್ನು ರದ್ದುಪಡಿಸಿ, ಮಗನು ಅವನ ಮುಂದೆ ಕೂತು ಕ್ಷಮೆ ಕೇಳುವುದು. ಅರ್ಜಿದಾರನು ಈಗಾಗಲೇ ಕೇಳಿದ್ದಾನೆ. ಚಿನ್ನು ಒಪ್ಪಿಕೊಂಡು ಒಂದು ಗುಂಡಿ ಬಹುಮಾನ ಕೊಟ್ಟಿದ್ದಾನೆ.

ಉ) ಯಾರೂ ಚಪ್ಪಾಳೆ ತಟ್ಟಬಾರದು. ಅದು ಅವನಿಗೆ ಆಗುವುದಿಲ್ಲ.

ಈ ವಿಚಾರವನ್ನು ಬಾಯಲ್ಲೇ ಹೇಳಬಹುದಿತ್ತಲ್ಲ ಎಂಬ ಆಕ್ಷೇಪಣೆ ಬರಬಹುದು. ಹಾಲಿನಮ್ಮನವರೂ ಅದನ್ನೇ ಕೇಳಿದರು: "ಇಷ್ಟುದ್ದ ಬರೆಯೋ ಬದ್ಲು ಕೂರಿಸ್ಕೊಂಡು ಹೇಳ್ಬಾರ್ದಾ ಅಣ್ಣ? ನಿಮ್ಮೋರೇ ಅಲ್ವಾ?" ಅರ್ಜಿದಾರನ ಉತ್ತರ: "ಬಾಯಲ್ಲಿ ಹೇಳಿದ್ರೆ ಅರ್ಧಕ್ಕೇ ಅವ್ರೇ ಮುಗಿಸಿಬಿಡ್ತಾರೆ ಕಣಮ್ಮ." ಲಕ್ವ ಹೊಡೆದ ಮೇಲೆ ಅವನ ನಾಲಿಗೆಯೂ ಕೊಂಚ ನಿಧಾನ. "ನಂಗೆ ಸ್ವಲ್ಪ..." ಎಂದರೆ ನೀರು ಬರುತ್ತದೆ. ಅವನು ಕೇಳಹೊರಟದ್ದು ಕತ್ತರಿಯಾಗಿರುತ್ತದೆ. ಈ ಅರ್ಜಿಯ ವಾಕ್ಯಗಳನ್ನು ಅವನು ಬಲಗೈಯಲ್ಲೇ, ದಿನಕ್ಕೆ ಎರಡು ಪುಟದಂತೆ, ಒಂಬತ್ತು ದಿನದಲ್ಲಿ, ಒಂದೊಂದನ್ನೂ ತಾನೇ ಮುಗಿಸಿದ್ದಾನೆ.

ಗುಂಡಿಗಳ ಮೇಲೆ ಇನ್ನೂ ನಂಬಿಕೆ ಇಟ್ಟಿರುವ,
ತಮ್ಮ ವಿಶ್ವಾಸಿ,
(ಸಹಿ, ಡೊಂಕಾಗಿರುವುದು ನಿಜ, ತಿದ್ದತಕ್ಕದ್ದಲ್ಲ)
ಮಾವ

ಅಡಕಗಳು:
೧. ನಾಲ್ಕು ಅಂಗಿಗಳಿಂದ ಕತ್ತರಿಸಿ ತೆಗೆದ ಗುಂಡಿಗಳು, ಒಂದು ಡಬ್ಬಿಯಲ್ಲಿ. ಇಪ್ಪತ್ತೆಂಟು ಇರಬೇಕಾದಲ್ಲಿ ಇಪ್ಪತ್ತೇಳು ಇವೆ. ಉಳಿದ ಒಂದು, ಮೇಲೆ ಹೇಳಿದ ಬಹುಮಾನದ ರೂಪದಲ್ಲಿ ಅರ್ಜಿದಾರನ ಜೇಬಿನಲ್ಲಿದೆ, ವಾಪಸು ಕೊಡಲಾಗುವುದಿಲ್ಲ.
೨. ಕೆಂಪು ಚೌಕಟ್ಟು ಒಂದು. ಯಾವ ಕಡೆ ಕೂರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ.
೩. ಬಿಳಿ ಅಂಗಿ ಒಂದು.

ಅಡಕ ೩ರ ಕುರಿತು ವಿಶೇಷ ಸೂಚನೆ: ಸದರಿ ಅಂಗಿಯನ್ನು ಅರ್ಜಿಗೆ ಲಗತ್ತಿಸಿಲ್ಲ, ಅದು ಅರ್ಜಿದಾರನ ಮೈಮೇಲಿದೆ. ತಾವು ಈ ಅರ್ಜಿಯ ಮೊದಲ ಸಾಲನ್ನು ಓದಿದಾಗ ಅವನು ತಮ್ಮೆದುರು ನಿಂತು ಮೊದಲ ಗುಂಡಿಗೆ ಕೈ ಹಚ್ಚಿರುತ್ತಾನೆ. ತಮ್ಮ ಎರಡೂ ಕೈಗಳಲ್ಲಿ ಅರ್ಜಿ ಇರುವುದರಿಂದ ಅವುಗಳಿಗೆ ಬಿಡುವಿರುವುದಿಲ್ಲ. ಮಗನ ತೊಡೆಯ ಮೇಲೆ ಚಿನ್ನು ಕೂತಿರುತ್ತಾನೆ. ಅಪ್ಪನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವಂತೆ ಅವನಿಗೆ ಸೂಚಿಸಲಾಗಿದೆ. ಕಚ್ಚಬಾರದೆಂದೂ ಸೂಚಿಸಲಾಗಿದೆ.

ಹಾಲಿನಮ್ಮನವರ ಮುಂದೆ ಗಟ್ಟಿಯಾಗಿ ಓದಿ ನೋಡಿದಾಗ ಈ ಅರ್ಜಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಏಳು ಗುಂಡಿಗಳಿಗೆ ನಿನ್ನೆಯ ಲೆಕ್ಕದಲ್ಲಿ ಇಪ್ಪತ್ತೇಳು ನಿಮಿಷ. ಆದಕಾರಣ, ತಾವು ಈ ಸಾಲಿಗೆ ಬಂದು ತಲೆ ಎತ್ತಿ ನೋಡಿದಾಗ ಒಂದೋ ಎರಡೋ ಗುಂಡಿ ಬಾಕಿ ಉಳಿದಿದ್ದಲ್ಲಿ, ದಯವಿಟ್ಟು ಏಳದೆ, ಅರ್ಜಿಯನ್ನು ಕೆಳಗಿಡದೆ, ಮತ್ತೆ ಮೊದಲಿನಿಂದ ಓದಲು ಆರಂಭಿಸಬೇಕಾಗಿ ಕೋರಿಕೆ.